ಉಡದ ಪಟ್ಟು

ಧಡ್ ಎಂದು ಸದ್ದಾಯಿತು. ಬೇಕರಿಯವನು ಅವಳನ್ನು ತನ್ನ ಸೊಂಟದ ಮೇಲಿಂದ ಎತ್ತಿ ಜೂಡೋ ಚಾಪೆಗೆ ಕೆಡವಿದ್ದ. ಬಿದ್ದವಳು ನಗುತ್ತಿದ್ದಳು. ಮೂಲೆಯಲ್ಲಿ ಸರದಿ ಕಾಯುತ್ತಿದ್ದ ಬೀಗ ರಿಪೇರಿಯವನಿಗೆ, ಅಂದರೆ ಅವಳ ಗಂಡನಿಗೆ, ಆ ನಗು ಕಂಡು ಉರಿದುಹೋಯಿತು.

ಸಂಶಯದ ಮಾತಲ್ಲ ಬಿಡಿ. ಬೇಕರಿಯವನಿಗೆ ಐವತ್ತೈದು ದಾಟಿತ್ತು, ಮೊಮ್ಮಗಳಿದ್ದಳು, ಎಷ್ಟು ಸ್ನಾನ ಮಾಡಿದರೂ ಮೈ ಬೆಣ್ಣೆ ನಾರುತ್ತಿತ್ತು. ಉರಿಯ ಮೂಲ ಬೇರೆ. ಐದು ವರ್ಷದಿಂದ ಪ್ರತಿ ಭಾನುವಾರ ಗಂಡ ಹೆಂಡತಿ ಕ್ಲೈಂಬಿಂಗ್ ಕೇಂದ್ರದಲ್ಲಿ ಗೋಡೆ ಹತ್ತಲು ಹೋಗುತ್ತಿದ್ದರು. ಅವಳಿಗೆ ಕಲಿಸಿದವನೂ ಗಂಡನೇ. ಅವಳು ಹತ್ತುವಾಗ ಅವನು ಕೆಳಗೆ ನಿಂತು ಅವಳ ಸೊಂಟಕ್ಕೆ ಕಟ್ಟಿದ ಹಗ್ಗ ಹಿಡಿಯುತ್ತಿದ್ದ. ತುದಿಯ ಹತ್ತಿರ ಒಂದು ಹಳದಿ ಹಿಡಿಕೆ. ಹಾರಿಯೇ ಹಿಡಿಯಬೇಕು, ತಪ್ಪಿದರೆ ಹಗ್ಗವಿದೆ. "ಹಾರು, ನಾನಿದೀನಲ್ಲ!" ಎಂದು ಅವನು ಗಂಟಲು ಹರಿದುಕೊಳ್ಳುತ್ತಿದ್ದ. ಅವಳು "ಇವತ್ತು ಬೇಡ ರೀ" ಎಂದು ಹತ್ತಿದ ಹಾಗೇ ಒಂದೊಂದೇ ಹೆಜ್ಜೆ ಇಳಿದು ಬರುತ್ತಿದ್ದಳು. ಅವನ ಹಗ್ಗವನ್ನು ನಂಬಿ ಒಮ್ಮೆಯೂ ಬಿದ್ದವಳಲ್ಲ. ಅಂಥವಳು ಜೂಡೋಗೆ ಸೇರಿದ ಎರಡೇ ತಿಂಗಳಲ್ಲಿ, ನಿನ್ನೆ ಮೊನ್ನೆ ಪರಿಚಯವಾದವನ ಕೈಯಲ್ಲಿ ದಿನಕ್ಕೆ ಇಪ್ಪತ್ತು ಸಲ ನಗುನಗುತ್ತ ಬೀಳುವುದೆಂದರೆ! ಅದನ್ನು ತಡೆಯಲಾರದೆ ತಾನೂ ಸೊಂಟಕ್ಕೆ ಹೊಸಬರ ಬಿಳಿ ಪಟ್ಟಿ ಕಟ್ಟಿಕೊಂಡು ಬಂದು ಇದು ಮೂರನೇ ವಾರ.

ಅಲ್ಲಿ ಮೊದಲ ಪಾಠವೇ ಬೀಳುವುದು. ಒಬ್ಬನೇ ಆದರೆ ಚೆನ್ನಾಗಿಯೇ ಉರುಳುತ್ತಿದ್ದ. ಎದುರಿಗೆ ಇನ್ನೊಬ್ಬರು ನಿಂತರೆ ಮಾತ್ರ ಬೆರಳುಗಳು ಅವನ ಮಾತು ಕೇಳುತ್ತಿರಲಿಲ್ಲ. ಗೋಡೆಯಲ್ಲಿ ತೂಗಿ ಪಳಗಿದ ಕೈ. ಕಾಲು ನೆಲ ಬಿಟ್ಟ ಕೂಡಲೇ ಎದುರಿನವರ ಕಾಲರಿಗೆ ಉಡದ ಹಾಗೆ ಕಚ್ಚಿಕೊಳ್ಳುತ್ತಿತ್ತು. ಹೋದ ವಾರ ಬೇಕರಿಯವನನ್ನೂ ಎಳೆದುಕೊಂಡೇ ಬಿದ್ದು, ಚಾಪೆ ಜಾರುತ್ತದೆ ಎಂದಿದ್ದ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದಿದ್ದಳು ಕಲಿಸುವ ಟೀಚರು.

"ಇವತ್ತು ಗಂಡ ಹೆಂಡತಿ ಜೋಡಿ" ಎಂದಳು ಟೀಚರು. "ನೀನು ಎತ್ತಮ್ಮ, ಅವರು ಬೀಳಲಿ."

ಅವಳು ತಿರುಗಿ ಅವನನ್ನೆತ್ತಲು ಸೊಂಟ ಕೊಟ್ಟಳು. ಅವನ ಹಿಮ್ಮಡಿ ಎದ್ದಿತು, ಕೈ ಬಿಗಿಯಿತು, ಇಬ್ಬರೂ ಅರ್ಧದಲ್ಲೇ ನಿಂತರು. ಎರಡನೇ ಸಲವೂ ಅದೇ ಕಥೆ.

"ಕಾಲರ್ ಬಿಡ್ರೀ, ಕತ್ತು ಹಿಸುಕ್ತಾ ಇದೀರಿ. ಬೇಕರಿ ಅಣ್ಣ ಎಷ್ಟು ಸಲೀಸಾಗಿ ಬೀಳ್ತಾರೆ!" ಎಂದಳು ಹೆಂಡತಿ.

ಅವನಿಗೆ ಅಷ್ಟು ಸಾಕಾಯಿತು. "ಹೋಗು, ಅವರನ್ನೇ ಕೆಡವು. ಅವರ ಕೈಲಿ ನೀನೂ ಬೀಳ್ತೀಯಲ್ಲ, ಹಲ್ಲು ಕಿಸ್ಕೊಂಡು. ನನ್ನ ಹಗ್ಗ ಮಾತ್ರ ನಿಂಗೆ ಐದು ವರ್ಷದಿಂದ ಆಗಲ್ಲ."

ಎಲ್ಲರೂ ತಿರುಗಿ ನೋಡಿದರು. ಬೇಕರಿಯವನು ತನ್ನ ಪಟ್ಟಿಯ ಗಂಟನ್ನು ಬಹಳ ಶ್ರದ್ಧೆಯಿಂದ ಬಿಚ್ಚಿ ಕಟ್ಟತೊಡಗಿದ.

"ಓಹೋ, ಇದಾ ಹೊಟ್ಟೆಉರಿ?" ಅವಳ ಮುಖ ಕೆಂಪಾಗಿತ್ತು. "ಬೀಳೋದು ಅಂದ್ರೆ ನಂಗೆ ಜೀವ ಹೋಗೋ ಭಯ ರೀ. ಆ ಹಳದಿ ಹಿಡಿಕೆಗೋಸ್ಕರಾನೇ ಇಲ್ಲಿ ಬಂದು ಬೀಳೋದು ಕಲೀತಿರೋದು. ನೀವು ಕೆಳಗೆ ನಿಂತು ಹಾರು ಹಾರು ಅಂತೀರಿ. ಸೊಂಟದೆತ್ತರದಿಂದ ನನ್ನ ಕೈಲಿ ಬೀಳೋಕೆ ನಿಮಗೇ ಆಗ್ತಿಲ್ಲ."

ಅವನಿಗೆ ನಾಚಿಕೆಯಾಯಿತು. ಮತ್ತೆ ಅವಳ ಎದುರು ಬಂದು ನಿಂತ.

"ಇನ್ನೊಂದು ಸಲ" ಎಂದಳು ಟೀಚರು.

ಅವಳು ತಿರುಗಿದಳು. ನೆಲ ಜಾರಿತು, ಬೆರಳು ಬಿಗಿದವು. ಅವನು ಕಣ್ಣು ಮುಚ್ಚಿ ಅವುಗಳನ್ನು ಸಡಿಲಿಸಿದ. ಧಡ್.

ನೋವಾಗಲಿಲ್ಲ. ತಲೆ ಚಾಪೆಗೆ ಬಡಿಯದಂತೆ ಅವಳು ಅವನ ತೋಳನ್ನು ಎರಡೂ ಕೈಯಲ್ಲಿ ಮೇಲಕ್ಕೆಳೆದು ಹಿಡಿದಿದ್ದಳು. ಏದುಸಿರು ಬಿಡುತ್ತ ಅವನ ಮೇಲೆ ಬಾಗಿದ್ದಳು. ಹಗ್ಗದ ಕೆಳತುದಿಯಿಂದ ಇಷ್ಟು ವರ್ಷ ಅವನಿಗೆ ಕಾಣುತ್ತಿದ್ದುದು ಅವಳ ಹಿಮ್ಮಡಿಗಳು ಮಾತ್ರ.

"ಏಳ್ರೀ, ಬೇರೆಯವರು ಕಾಯ್ತಿದಾರೆ."

"ತಡಿ" ಎಂದ ಅವನು, ಮಲಗಿದ್ದಲ್ಲಿಂದಲೇ ಅವಳ ಮುಖ ನೋಡುತ್ತ.