ಬು ರಾಕಾನ್ ಕೊಟ್ಟ ಬಗ್ಗಿ

2019ರ ನವೆಂಬರ್ 21, ಗುರುವಾರ, ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷಕ್ಕೆ ಧಾರಿ, ಜಹ್ರಾ ಊರಿನ ಮುದುಕ ಬು ರಾಕಾನ್‌ನ ಮನೆಯ ಮುಂದೆ ಕಾರು ನಿಲ್ಲಿಸಿದ. ಹಿಂದೆ ಖಾಲಿ ಟ್ರೇಲರ್ ಇತ್ತು. ಮರಳಿನ ಮೇಲೆ ಓಡುವ ನಾಲ್ಕು ದಪ್ಪ ಚಕ್ರದ ಬೈಕಿಗೆ ಅಲ್ಲಿ ಬಗ್ಗಿ ಎನ್ನುತ್ತಾರೆ. ಅಂಥದೊಂದು ಹಳೆಯದು ಮಾರಾಟಕ್ಕಿದೆ ಎಂಬ ಜಾಹೀರಾತು ನೋಡಿ ಬಂದಿದ್ದ. ಬೆಲೆ ಒಂಬೈನೂರು ದಿನಾರ್.

ಅವನಿಗೆ ಬಗ್ಗಿ ಬೇಕಿದ್ದದ್ದು ಓಡಾಟಕ್ಕಲ್ಲ, ಮರ್ಯಾದೆಗೆ. ಹೋದ ಚಳಿಗಾಲ ಮರಳುಗಾಡಿನ ಡೇರೆಯಲ್ಲಿ ಬೀಗರೆಲ್ಲ ಸೇರಿದ್ದಾಗ ಅವನು ಹೆಂಡತಿಯ ತಮ್ಮ ಜರ್ರಾಹ್‌ನ ಬಗ್ಗಿಯ ಹಿಂದೆ ಕೂತು, ಅವನ ಸೊಂಟ ತಬ್ಬಿ, ಕಣ್ಣು ಮುಚ್ಚಿಕೊಂಡು ದಿಬ್ಬ ಹತ್ತಿದ್ದ. ಯಾರೋ ಹಿಡಿದ ಅದರ ವಿಡಿಯೊ ಬೇಸಿಗೆಯಿಡೀ ಮನೆಮನೆ ಸುತ್ತಿತು. "ಈ ಸಲ ನಾನು ಮುಂದೆ, ನೀನು ಹಿಂದೆ" ಎಂದು ಈದ್ ಊಟದಲ್ಲಿ ಧಾರಿ ಎಲ್ಲರೆದುರು ಸಾರಿಬಿಟ್ಟಿದ್ದ. ಡೇರೆ ಆಗಲೇ ಎದ್ದಿತ್ತು. ನಾಳೆ ಬೆಳಿಗ್ಗೆ ದಿಬ್ಬ ಹತ್ತಬೇಕು.

ಧಾರಿ ನೀರಿನ ಪ್ರಯೋಗಾಲಯದ ಅಧಿಕಾರಿ. ಎರಡೆರಡು ಸಲ ಅಳೆಯದೆ ಒಂದು ಲೋಟ ನೀರಿಗೂ ಸಹಿ ಹಾಕಿದವನಲ್ಲ. ಎಂಜಿನ್ ಸವೆದಿದೆಯೇ ಎಂದು ತಿಳಿಯಲು ಅದರೊಳಗಿನ ಒತ್ತಡ ಅಳೆಯುವ ಮಾಪಕವನ್ನೂ ಜೇಬಿಗೆ ಹಾಕಿಕೊಂಡು ಬಂದಿದ್ದ. ಆದರೆ ಮೊದಲು ಬೆಲೆ ಇಳಿಸುವ ಉಪಾಯ.

ಬು ರಾಕಾನ್ ಕಾಫಿ ಬಗ್ಗಿಸಿ ಕೊಟ್ಟ. ಧಾರಿ ತುಟಿಗೆ ತಾಗಿಸದೆ ಬಟ್ಟಲನ್ನು ನೆಲಕ್ಕಿಟ್ಟ.

ಮುದುಕನ ಹುಬ್ಬು ಮೇಲೇರಿತು. ಬೇಡಿಕೆ ಹೊತ್ತು ಬಂದ ಅತಿಥಿ ಹಾಗೆ ಬಟ್ಟಲಿಟ್ಟರೆ, ಅದು ಈಡೇರುವ ತನಕ ಕುಡಿಯುವುದಿಲ್ಲ ಎಂದರ್ಥ. ಮನೆಯ ಯಜಮಾನ ಆಗುವುದಿಲ್ಲ ಎಂದರೆ ಮನೆಯ ಮಾನ ಹೋದಂತೆ. ಅಜ್ಜಂದಿರು ಹೆಣ್ಣು ಕೇಳಲು, ಕೊಲೆಯ ಹಗೆ ಮುಗಿಸಲು ಇಡುತ್ತಿದ್ದ ಬಟ್ಟಲು ಅದು. ಧಾರಿ ಚೌಕಾಸಿಗೆ ಇಟ್ಟಿದ್ದ.

"ಕುಡಿ ತಮ್ಮಾ, ನೀನು ಕೇಳಿದ್ದು ಕೊಟ್ಟೆ. ಏನದು?"

"ಬಗ್ಗಿ ಆರುನೂರಕ್ಕೆ ಆಗ್ಬೇಕು."

"ಇಷ್ಟೇನಾ! ನಾನೆಲ್ಲೋ ನನ್ನ ಮಗಳನ್ನ ಕೇಳ್ತೀಯ ಅಂತ ಹೆದರಿದ್ದೆ. ಆಯ್ತು, ನಿಂದೇ."

ಧಾರಿ ಗೆದ್ದವನಂತೆ ಕಾಫಿ ಕುಡಿದ. ಹಣ ಕೊಟ್ಟು ಅಂಗಳಕ್ಕೆ ಬಂದು ಮಾಪಕ ತೆಗೆದ.

ಬು ರಾಕಾನ್ ಮುಖ ಗಂಟಿಕ್ಕಿತು. "ಏನದು? ನೀನು ಮಾನದ ಬಟ್ಟಲು ಇಟ್ಟು ಕೇಳ್ದೆ, ನಾನು ಮಾನ ಕೊಟ್ಟೆ. ಈಗ ಕೊಟ್ಟಿದ್ದನ್ನ ಪರೀಕ್ಷೆ ಮಾಡ್ತೀಯಾ?"

"ಛೇ ಛೇ, ಇದು... ಟೈರಿನ ಗಾಳಿ ನೋಡೋದು."

"ಹಾಗಾದ್ರೆ ನೋಡು."

ಧಾರಿ ಕುಕ್ಕರಗಾಲಲ್ಲಿ ಕೂತು, ಎಂಜಿನ್ನಿನ ಮಾಪಕವನ್ನು ಟೈರಿನ ಮೂತಿಗೆ ಹಿಡಿದ. ಅದು ಅಲ್ಲಿ ಕೂರುವಂಥದ್ದೇ ಅಲ್ಲ. ಆದರೂ ನಾಲ್ಕು ಚಕ್ರಕ್ಕೂ ಶ್ರದ್ಧೆಯಿಂದ ಹಿಡಿದು, "ಭೇಷಾಗಿದೆ" ಎಂದ. ಅಲ್ಲಿಯವರೆಗೂ ಮಂಡಿನೋವು ಎನ್ನುತ್ತಿದ್ದ ಬು ರಾಕಾನ್, ಎಂಜಿನ್ ಚಾಲೂ ಮಾಡುವ ಗೋಜಿಗೇ ಹೋಗದೆ, ಬಗ್ಗಿಯನ್ನು ತಾನೇ ತಳ್ಳಿ ಟ್ರೇಲರಿಗೆ ಏರಿಸಿಕೊಟ್ಟ. ಎಂಥ ದೊಡ್ಡ ಮನಸ್ಸು ಎಂದುಕೊಂಡ ಧಾರಿ.

ಶುಕ್ರವಾರ ಬೆಳಿಗ್ಗೆ ಬೀಗರೆಲ್ಲ ಡೇರೆಯ ಹೊರಗೆ ಫೋನು ಹಿಡಿದು ನಿಂತರು. ಜರ್ರಾಹ್ ಮಾತಿನಂತೆ ಹಿಂದೆ ಕೂತು, ಅಕ್ಕನ ಗಂಡನ ಸೊಂಟ ತಬ್ಬಿ, ಕಣ್ಣು ಮುಚ್ಚಿಕೊಂಡ. ಹತ್ತಾರು ಸಲ ಗುಂಡಿ ಒತ್ತಿದ ಮೇಲೆ ಬಗ್ಗಿ ಗುಡುಗಿ ಹೊರಟಿತು. ದಿಬ್ಬದ ಬುಡ ಮುಟ್ಟಿತು, ಕೆಮ್ಮಿತು, ನೀಲಿ ಹೊಗೆ ಕಕ್ಕಿ ನಿಂತಿತು. ಮತ್ತೆ ಅಲುಗಲಿಲ್ಲ.

"ಭಾವ, ಕಣ್ಣು ಬಿಡ್ಲಾ? ತುದಿಗೆ ಬಂದ್ವಾ?"

"ಸುಮ್ನಿರೋ."

"ತಗೊಳ್ಳೋವಾಗ ಏನೂ ನೋಡ್ಲಿಲ್ವಾ ಭಾವ?"

"ಟೈರ್ ನೋಡ್ದೆ."

"ಟೈರ್ ಚೆನ್ನಾಗಿವೆ ಬಿಡಿ. ತಳ್ಳೋಕೆ ಹಗುರ."

"ಒಂಬೈನೂರು ಹೇಳಿದ್ದ ಕಣೋ. ಆರುನೂರಕ್ಕೆ ಇಳಿಸ್ದೆ."

"ಇನ್ನೊಂದ್ ಸ್ವಲ್ಪ ಜಗ್ಗಿದ್ರೆ ಅವನೇ ದುಡ್ಡು ಕೊಟ್ಟು ಕಳಿಸ್ತಿದ್ದ. ಇವತ್ತೇ ವಾಪಸ್ ಕೊಟ್ಬನ್ನಿ."

"ಬಟ್ಟಲಿಟ್ಟು ಕೇಳಿ ಪಡ್ದಿದ್ದು. ಯಾವ ಮುಖ ಇಟ್ಕೊಂಡು ವಾಪಸ್ ಕೊಡ್ಲಿ?"

ಜರ್ರಾಹ್‌ಗೆ ವಿಷಯ ಹೊಳೆದಾಗ ಮರಳಿನ ಮೇಲೆ ಬಿದ್ದು ಹೊರಳಾಡಿ ನಕ್ಕ. ಆಮೇಲೆ ನಡೆದು ಹೋಗಿ ಕಾರು ತಂದ, ಹಗ್ಗ ಕಟ್ಟಿದ. ಚುಕ್ಕಾಣಿ ಹಿಡಿಯಲು ಒಬ್ಬರು ಬೇಕಲ್ಲ, ಧಾರಿ ತಲೆವಸ್ತ್ರವನ್ನು ಮೂಗಿನವರೆಗೆ ಎಳೆದುಕೊಂಡು ಬಗ್ಗಿಯ ಮೇಲೆ ಕೂತ. ಈ ಸಲವೂ ಅವನು ಹಿಂದೆಯೇ. ದಾರಿಯುದ್ದಕ್ಕೂ ಹೆಂಡತಿಯ ಕಡೆಯ ಹುಡುಗಿಯರು ವಿಡಿಯೊ ಹಿಡಿದರು.

ದಿಬ್ಬದ ಬುಡದಿಂದ ಎಳೆಯುವ ಮುಂಚೆ ಜರ್ರಾಹ್ ಕಾರಿನ ದೂರದ ಮೀಟರನ್ನು ಸೊನ್ನೆಗೆ ತಂದಿದ್ದ. ಡೇರೆ ಮುಟ್ಟಿದಾಗ ಎಲ್ಲರಿಗೂ ಕೇಳುವಂತೆ ಅದನ್ನು ಓದಿದ. ಹೋಗುವಾಗ ಬಗ್ಗಿ ಸ್ವಂತ ಬಲದಿಂದ ಓಡಿದ ದೂರವೂ ಅಷ್ಟೇ, ನಾನೂರು ಮೀಟರ್.