ಹುಡುಕಿದ್ದನ್ನೆಲ್ಲ ಅಳಿಸಬೇಕೆ

ಮೇಲಿನ ಮಹಡಿಯಲ್ಲಿ ಯಾರೋ ಒದ್ದೆ ಸೀರೆ ಕೊಡವಿದರು, ಎರಡು ಹನಿ ಕಿಟಕಿ ದಾಟಿ ಫೋನಿನ ಗಾಜಿನ ಮೇಲೆ ಬಿದ್ದವು, ಒಂದರೊಳಗೆ ಹಸಿರು, ಒಂದರೊಳಗೆ ಕೆಂಪು, ಒರೆಸಲು ಹೋದ ಬೆರಳು ಅಲ್ಲೇ ತಡೆಯಿತು, ಒರೆಸಿದರೆ ಒತ್ತಿದಂತೆಯೇ, ಒತ್ತಿದರೆ ಹೋಯಿತು — ಹುಡುಕಿದ್ದನ್ನೆಲ್ಲ ಅಳಿಸಬೇಕೆ ಎಂದು ಕೇಳುತ್ತಿದೆ ಅದು, ಕೆಳಗೆ ಹಸಿರು ಕೆಂಪಿನಲ್ಲಿ ಹೌದು, ಬೇಡ, ಎರಡೇ ಮಾತು. ಭಾನುವಾರದ ಮಧ್ಯಾಹ್ನ, ತ್ರಿಪ್ಲಿಕೇನಿನ ಮೆಸ್ಸುಗಳಲ್ಲಿ ಪಾತ್ರೆ ತೊಳೆಯುವ ಸದ್ದು, ಸಂಹಿತಾ ಅಜ್ಜಿಯ ಮಂಚದ ಮೇಲೆ ಕಾಲು ಮಡಿಸಿ ಕೂತಿದ್ದಾಳೆ, ಅಜ್ಜಿ ಹೋಗಿ ನಲವತ್ತು ದಿನವಾದರೂ ಗೋಪೀಚಂದನದ ವಾಸನೆ ಬಿಡದ ಮಂಚ. ಹೊಸ ಹುಡುಕುತಾಣಕ್ಕೆ ಹೋಗೋಣ ಎಂದಷ್ಟೇ ತಾನೆ ಈ ಕೆಲಸಕ್ಕೆ ಕೈ ಹಾಕಿದ್ದು, ಆಫೀಸಿನ ವಿಮಲಾ ಹೇಳಿದ್ದಳು, ಈಗ ಬರೋ ಹೊಸ ಥರದ್ದು ಏನೂ ನೆನಪಿಟ್ಕೊಳಲ್ಲ ಕಣೇ, ಯಾರು ಕೇಳಿದ್ರು ಏನು ಕೇಳಿದ್ರು ಒಂದೂ ಬರ್ದಿಡಲ್ಲ, ಹುಡುಕಿಕೊಟ್ಟು ಮರ್ತೇಬಿಡತ್ತೆ, ನಮ್ಮತ್ತೆ ಥರ ಹತ್ತು ವರ್ಷದ್ದು ಎತ್ತಿ ಆಡಲ್ಲ. ಬೆಳಗಿನಿಂದ ಮೂರು ಹುಡುಕುತಾಣಗಳನ್ನು ಓದಿ ನೋಡಿದಳು, ಒಂದು ನಿಮ್ಮ ಹೆಸರು ಕೇಳುವುದಿಲ್ಲ ಅಂದಿತು, ಒಂದು ಜಾಹೀರಾತನ್ನೇ ತೋರಿಸುವುದಿಲ್ಲ, ಆದರೆ ತಿಂಗಳಿಗಿಷ್ಟು ಅಂದಿತು, ಒಂದು ನೀವು ಎಲ್ಲಿದ್ದೀರೆಂದೂ ನಾವು ನೋಡುವುದಿಲ್ಲ ಅಂದಿತು, ಇದೇ ಇರಲಿ ಎಂದು ಅದನ್ನು ಹಾಕಿಕೊಂಡಳು, ಹಳೆಯದರ ಕಾಟ ಅಷ್ಟಿತ್ತು — ಎಂಟು ತಿಂಗಳಿಂದ ಅವಳ ಬೆನ್ನು ಬಿದ್ದ ಜಾಹೀರಾತುಗಳು, ಮರೆವಿಗೆ ಲೇಹ್ಯ, ಮರೆವಿಗೆ ಗುಳಿಗೆ, ವಯಸ್ಸಾದವರ ಕೊರಳಿಗೆ ಹಾಕುವ ಹೆಸರು ವಿಳಾಸದ ಬಿಲ್ಲೆ, ಇಪ್ಪತ್ತಾರರ ಹುಡುಗಿಗೆ ಇವೆಲ್ಲ ಯಾಕಪ್ಪಾ, ಏಯ್ ಮುದುಕೀ, ನಿಂಗೆ ಬಿಲ್ಲೆ ಬಂದಿದೆ ನೋಡೇ ಎಂದು ವಿಮಲಾ ನಕ್ಕಾಗ ತಾನೂ ನಕ್ಕಿದ್ದಳಲ್ಲ, ತೋರಿಸಬೇಡ ಎಂದು ಒತ್ತಿದ್ದಳಲ್ಲ, ಬಂದಾಗಲೆಲ್ಲ ಒತ್ತಿದ್ದಳಲ್ಲ.

ಹಳೆಯದನ್ನು ಬಿಡುವ ಮುನ್ನ ಅಳಿಸೋಣ ಎಂದು ತೆರೆದರೆ ಈ ಪಟ್ಟಿ, ಉದ್ದಕ್ಕೆ ಕನ್ನಡ, ಅವಳು ಯಾವತ್ತೂ ಕನ್ನಡದಲ್ಲಿ ಹುಡುಕಿದವಳಲ್ಲ, ಯಾರಿದು — ಅಜ್ಜಿ. ಅಜ್ಜಿಯ ಹೊಸ ಫೋನಿಗೆ ತನ್ನದೇ ಖಾತೆ ಹಾಕಿಕೊಟ್ಟದ್ದು ಆಗ ನೆನಪಾಯಿತು, ಬೇರೆ ಪಾಸ್‌ವರ್ಡ್ ಯಾಕಜ್ಜಿ, ನಂದೇ ಹಾಕಿರ್ತೀನಿ, ಹಾಕಮ್ಮಾ, ನಿಂದು ಬೇರೆ ನಂದು ಬೇರೇನಾ. ಈ ಮೈಕಿನ ಗುರುತು ಒತ್ತಿ ಮಾತಾಡು, ಕೇಳಿದ್ದು ಹೇಳತ್ತೆ ಎಂದು ಕಲಿಸಿದರೆ ಅಜ್ಜಿ ಫೋನನ್ನು ಕಿವಿಗೆ ಹಿಡಿಯಲಿಲ್ಲ, ಬಲ ಅಂಗೈ ಗುಳಿ ಮಾಡಿ, ಎಡಗೈ ಕೆಳಗಿಟ್ಟು, ತೀರ್ಥ ಹಿಡಿದಂತೆ ಹಿಡಿದು ತುಟಿಯ ಹತ್ತಿರ ತಂದಳು. ಪಟ್ಟಿಯಲ್ಲಿದೆ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ, ಮೊಸರು ಮಾರುವವಳ ಏಳನೇ ಮಗಳು ಬಾವಿಗೆ ಇಳಿದಳಲ್ಲ ತಾಯಿ ಆಮೇಲೆ ಏನಾಯ್ತು. ಎರಡು ಹದಿಮೂರು, ಅದಲ್ಲ ತಾಯಿ ನಮ್ಮಮ್ಮ ಹೇಳ್ತಿದ್ದ ಕಥೆ. ಮಾರನೆಯ ದಿನ ಮತ್ತೆ ಅದೇ, ಅದರ ಮಾರನೆಯ ದಿನವೂ, ಹಗಲಲ್ಲಿ, ಹಗಲು ಹೊತ್ತು ಕಥೆ ಹೇಳಿದ್ರೆ ದಾರಿ ನಡೆಯೋರು ದಾರಿ ತಪ್ತಾರೆ ಸುಮ್ನಿರೇ ಎಂದು ಗದರುತ್ತಿದ್ದ ಅಜ್ಜಿ ಹಗಲಲ್ಲೇ ಕೂತು ಕೇಳಿದ್ದಾಳೆ, ಸಂಜೆ ಮೊಮ್ಮಗಳು ಕಥೆ ಕೇಳಲು ಬರುವುದರೊಳಗೆ ಮರೆತ ಕೊನೆ ಸಿಗಲಿ ಎಂದು, ಅದಕ್ಕೆ ಈ ಯಂತ್ರ ಕೊಟ್ಟದ್ದೇನು, ಗಟ್ಟಿ ಮೊಸರಿಗೆ ಹೆಪ್ಪು ಹಾಕುವ ಬಗೆ, ಬಾವಿ ಹೂಳೆತ್ತುವವರ ನಂಬರು. ಅವತ್ತು ಸಂಜೆ ಏಳನೇ ಮಗಳು ಬಾವಿಯ ತಳದಲ್ಲಿ ಹೂಳೆತ್ತುವವರನ್ನು ಕಂಡಳು, ಅವರು ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಹಾಕಿಕೊಟ್ಟರು, ಸಂಹಿತಾ ಚಪ್ಪಾಳೆ ತಟ್ಟಿದ್ದಳು, ಅಜ್ಜೀ ನೀನು ಮಹಾ ಕಿಲಾಡಿ, ಕಥೆ ಬದಲಾಯಿಸ್ತಿದ್ದೀಯ, ಅಜ್ಜಿ ಸೆರಗು ಬಾಯಿಗಿಟ್ಟು ನಕ್ಕಿದ್ದಳು, ನಕ್ಕಳೇ, ಅದು ನಗುವೇ, ಕಥೆಯೊಳಗೆ ಮುಳುಗಿ ಕೂತವಳಿಗೆ ಕಥೆ ಹೇಳುವವಳ ಮುಖ ಕಾಣಲಿಲ್ಲ, ಯಂತ್ರಕ್ಕೆ ಗೊತ್ತಾಗಿತ್ತು, ಲೇಹ್ಯ ಮಾರುವವನಿಗೆ ಗೊತ್ತಾಗಿತ್ತು, ಬಿಲ್ಲೆ ಮಾರುವವನಿಗೆ ಗೊತ್ತಾಗಿತ್ತು, ಅವರೆಲ್ಲ ಬಂದು ಇವಳಿಗೇ ಹೇಳಿದರು, ಎಂಟು ತಿಂಗಳು ಹೇಳಿದರು, ತೋರಿಸಬೇಡ, ತೋರಿಸಬೇಡ, ತೋರಿಸಬೇಡ.

ಸಂಹಿತಾ, ಕಾಫಿ ಆರ್ತಿದೆ ಬಾರೇ, ಅಡುಗೆಮನೆಯಿಂದ ಅಮ್ಮ, ಬಂದೆ ಎಂದಳು, ಎದ್ದಿಲ್ಲ. ಅಮ್ಮನ ಲೆಕ್ಕದಲ್ಲಿ ಅಜ್ಜಿಗೆ ಬಿಸಿಲು ಹೊಡೆದದ್ದು, ದೇವಸ್ಥಾನಕ್ಕೆ ಹೋದವರು ನೆರಳಲ್ಲಿ ಬರಬಾರದಿತ್ತಾ, ಪಾಪ, ಎಂಟು ದಿನ ಜ್ವರ, ಅಷ್ಟೆ. ಆ ದಿನ ಅಜ್ಜಿಯನ್ನು ಮನೆಗೆ ಕರೆದುಕೊಂಡು ಬಂದ ಹೂವಿನವಳು ಬಾಗಿಲಲ್ಲಿ ನಿಂತು ಹೇಳಿದ್ದಳಂತೆ, ಪಾಟಿ ವಳಿ ಮರಂದುಟ್ಟಾಂಗಮ್ಮಾ, ಅಜ್ಜಿ ದಾರಿ ಮರೆತರು ಎಂದು, ಅಮ್ಮ ಒಪ್ಪಿರಲಿಲ್ಲ, ಐವತ್ತು ವರ್ಷ ನಡೆದ ಬೀದಿ ಕಣೇ, ಮರೀತಾರಾ. ಪಟ್ಟಿಯ ತುದಿಯಲ್ಲಿ ಆ ದಿನ, ಬೆಳಿಗ್ಗೆ ಹನ್ನೊಂದು ನಲವತ್ತು, ನಮ್ಮ ಮನೆ ಯಾವ ಕಡೆ ತಾಯಿ. ಹನ್ನೊಂದು ನಲವತ್ತೆರಡು, ನಮ್ಮ ಮನೆ ಯಾವ ಕಡೆ. ಹನ್ನೊಂದು ಐವತ್ತು, ನಮ್ಮ ಮನೆ. ಅದು ತೋರಿಸಿದ್ದು ಮಾರಾಟದ ಮನೆಗಳನ್ನು, ಮೂರು ಕೋಣೆ, ಸಮುದ್ರದ ನೋಟ, ಇಂದೇ ಬುಕ್ ಮಾಡಿ, ಅದೇ ಮನೆಗಳು ಅದೇ ಮಧ್ಯಾಹ್ನ ಆಫೀಸಿನಲ್ಲಿ ಇವಳ ಫೋನಿಗೂ ಬಂದಿದ್ದವು, ಇವಳು ವಿಮಲಾಗೆ ತೋರಿಸಿದ್ದಳು, ಬೆಸೆಂಟ್ ನಗರ ಕಣೇ, ಬಾಲ್ಕನಿಯಲ್ಲಿ ಕೂತ್ರೆ ಸಮುದ್ರ ಕಾಣತ್ತಂತೆ, ಅಜ್ಜೀನ ಅಲ್ಲಿ ಕೂರಿಸ್ಬೇಕು, ಊಟದ ಡಬ್ಬಿ ಆರುವವರೆಗೂ ಒಂದೊಂದೇ ಬಾಲ್ಕನಿ ನೋಡಿದ್ದಳು, ಯಾಕಜ್ಜೀ ನನಗೆ ಫೋನ್ ಮಾಡಲಿಲ್ಲ, ಆಫೀಸಿನ ಹೊತ್ತು ಮಗೂನ ಕರೀಬಾರದು ಅಂತಲೇ, ನನ್ನ ನಂಬರೂ ಮರೆತಿತ್ತೇ. ಹೌದು ಎಂದು ಒತ್ತಿದರೆ ಅಂಗಡಿಯವರು ಅಜ್ಜಿಯ ಮರೆವನ್ನು ಇಟ್ಟುಕೊಂಡು ವ್ಯಾಪಾರ ಮಾಡುವುದು ನಿಲ್ಲುತ್ತದೆ, ಬೇಡ ಎಂದರೆ ಆ ಮಾತುಗಳಾದರೂ ಉಳಿಯುತ್ತವೆ, ಅಳಿಸಿದರೆ ಹಾಗೆ ಕೇಳಿದವಳೊಬ್ಬಳು ಇದ್ದಳೆಂಬುದಕ್ಕೆ ಸಾಕ್ಷಿ ಇವಳೊಬ್ಬಳೇ, ಇವಳೂ ಒಂದು ದಿನ ಮರೆತರೆ, ಹೊಸದು ಯಾರು ಎಲ್ಲಿದ್ದಾರೆಂದು ನೋಡುವುದೇ ಇಲ್ಲ, ಹಳೆಯದು ನೋಡುತ್ತಿತ್ತು, ಬೀದಿ ಸಮೇತ ಗೊತ್ತಿತ್ತು, ಅಜ್ಜಿ ನಿಂತದ್ದು ಮನೆಯಿಂದ ಐದು ಮನೆ ಆಚೆ, ಬರೀ ಐದು ಮನೆ — ಹೌದು, ಬೇಡ, ಹೌದು — ಬಿಸಿಲು, ಬೀದಿಯ ಮೂಲೆ, ಒಂಬತ್ತು ಗಜದ ಸೀರೆಯ ಸೆರಗು ತಲೆಯ ಮೇಲೆ, ಬಲ ಅಂಗೈ ಗುಳಿ ಮಾಡಿ, ಎಡಗೈ ಕೆಳಗಿಟ್ಟು, ತೀರ್ಥ ಹಿಡಿದಂತೆ ಹಿಡಿದು, ಚೆಲ್ಲದ ಹಾಗೆ ತುಟಿಯ ಹತ್ತಿರ ತಂದು, ಅಜ್ಜಿ ಕೇಳುತ್ತಿದ್ದಾಳೆ, ನಮ್ಮ ಮನೆ ಯಾವ ಕಡೆ ತಾಯಿ.