ಗಂಗುಲಮ್ಮನವರ ‘ಕಾದು’

ನಾನು ಮಂಡ್ಯದ ಕಡೆಯವನು. ಎಂಬತ್ತೇಳರಲ್ಲಿ ಚಿಂತಾಮಣಿ ತಾಲ್ಲೂಕಿನ ಒಂದು ಮಂಡಲ ಪಂಚಾಯಿತಿಗೆ ಸೆಕ್ರೆಟರಿಯಾಗಿ ಬಂದೆ. ಆಂಧ್ರದ ಗಡಿ ಕೂಗಳತೆಯ ದೂರ. ಹದಿನಾರು ಜನ ಸದಸ್ಯರು. ಸಭೆ ಕನ್ನಡದಲ್ಲಿ ಶುರುವಾಗುತ್ತಿತ್ತು, ಬಿಸಿ ಏರಿದ ಕೂಡಲೇ ತೆಲುಗಿಗೆ ಹೊರಳುತ್ತಿತ್ತು. ನಡಾವಳಿ ಪುಸ್ತಕ ಮಾತ್ರ ಅಪ್ಪಟ ಕನ್ನಡ. ಯಾರು ಏನು ಹೇಳಿದರೆಂದು ಅದರಲ್ಲಿ ಬರೆಯುವವನು ನಾನೊಬ್ಬನೇ, ಆ ಪೆನ್ನಿನ ಕೊಬ್ಬು ನನಗೆ ಸ್ವಲ್ಪ ಇತ್ತು.

ಎಂಬತ್ತೊಂಬತ್ತರ ಬೇಸಿಗೆಯಲ್ಲಿ, ಕಾಲನಿಗೆ ಮಂಜೂರಾಗಿದ್ದ ಬೋರ್‌ವೆಲ್ಲನ್ನು ಪ್ರಧಾನ ವೆಂಕಟರವಣಪ್ಪನವರ ಬೀದಿಗೆ ಬದಲಾಯಿಸುವ ವಿಷಯ ಸಭೆಗೆ ಬಂತು. ಬೆಳಿಗ್ಗೆಯೇ ಅವರು ನನ್ನ ಟೇಬಲ್ಲಿನ ಹತ್ತಿರ ಬಂದು, “ಸರ್ವಾನುಮತ ಅಂತ ಇದ್ರೆ ತಾಲ್ಲೂಕಿನೋರು ಏನೂ ಕೇಳಲ್ಲ. ಒಂದೇ ಒಂದು ವಿರೋಧ ಇದ್ರೂ ಜಾಗ ನೋಡಕ್ಕೆ ಜೀಪು ಬರ್ತದೆ ಕಣಪ್ಪ” ಎಂದಿದ್ದರು.

ಸಭೆಯಲ್ಲಿ ನಾನು ಒಬ್ಬೊಬ್ಬರ ಹೆಸರು ಕೂಗುತ್ತಾ ಹೋದೆ. ಹದಿನೈದು ಜನ “ಆಗ್ಲಿ” ಎಂದರು. ಕೊನೆಯವರು ಗಂಗುಲಮ್ಮ, ಕಾಲನಿಯಿಂದ ಗೆದ್ದು ಬಂದವರು. ಎದ್ದು ನಿಂತು, ಸೆರಗು ಸರಿಮಾಡಿಕೊಂಡು, “ಕಾದು” ಎಂದರು.

ತೆಲುಗಿನಲ್ಲಿ ಹಾಗೆಂದರೆ ಆಗದು, ಒಪ್ಪುವುದಿಲ್ಲ ಎಂದು. ನಾನು ಬರೆದದ್ದು ಹೀಗೆ: “ಶ್ರೀಮತಿ ಗಂಗುಲಮ್ಮನವರು ಕಾದು ನೋಡಬಹುದೆಂದರು. ಯಾರ ವಿರೋಧವೂ ಇಲ್ಲದ್ದರಿಂದ ಸರ್ವಾನುಮತದಿಂದ ತೀರ್ಮಾನಿಸಲಾಯಿತು.”

ಜೀಪು ಬರಲಿಲ್ಲ. ಹತ್ತೇ ದಿನಕ್ಕೆ ಬೋರ್ ಲಾರಿ ಬಂದು ಪ್ರಧಾನರ ಬೀದಿಯಲ್ಲಿ ಕೊರೆದು ಹೋಯಿತು. ನಡಾವಳಿಯ ನಕಲನ್ನು ನೋಟಿಸ್ ಬೋರ್ಡಿಗೆ ಹಚ್ಚಿದ್ದೆ. ಅದನ್ನು ಯಾರೋ ಕಾಲನಿಯಲ್ಲಿ ಓದಿ ಹೇಳಿದ್ದಾರೆ. ಮಾರನೆಯ ವಾರ ಗಂಗುಲಮ್ಮ ಒಬ್ಬರೇ ಆಫೀಸಿಗೆ ಬಂದರು.

“ಸಾಮಿ, ಪಕ್ಕದ ಮನೆ ಅನಸೂಯಮ್ಮ ಮಾತು ಬಿಟ್ಟವ್ಳೆ. ಬಾವಿ ಹತ್ರ ಬಿಂದಿಗೆ ಇಡಕ್ಕೂ ಜಾಗ ಕೊಡಲ್ಲ. ಪ್ರಧಾನರ ಮುಂದೆ ಬಾಯಿ ಮುಚ್ಕೊಂಡು ಬಂದವಳು ಅಂತಾರೆ. ಆ ಬುಕ್ಕು ತೆಗೀರಿ.”

ಅವರ ತವರು ಗಡಿಯಾಚೆ. ಓದಿದ್ದು ಮೂರನೇ ಕ್ಲಾಸು, ತೆಲುಗಿನಲ್ಲಿ. ಎರಡೂ ಭಾಷೆಯ ಅಕ್ಷರಗಳು ಅಕ್ಕತಂಗಿಯರ ಹಾಗಿರುವುದರಿಂದ ಬೆರಳಿಟ್ಟು ನಿಧಾನವಾಗಿ ಓದಿದರು. ಬೆರಳು ಒಂದು ಕಡೆ ನಿಂತಿತು.

“ಇದಿಗೋ, ನನ್ನ ಮಾತು ಇಲ್ಲೇ ಐತೆ. ಕಾದು. ಇದರ ಬೆನ್ನಿಗೆ ಈ ‘ನೋಡ’ ಯಾಕೆ ಬಂತು?”

ನಾನು ಬಾಯಿ ತೆರೆಯುವ ಮೊದಲೇ ಅವರೇ ನಕ್ಕುಬಿಟ್ಟರು. “ಅಯ್ಯೋ, ನೀವು ಮಂಡ್ಯದೋರು! ನಿಮ್ಮ ಕಡೆ ಕಾದು ಅಂದ್ರೆ ಕಾಯೋದು ಅಲ್ವಾ? ತಪ್ಪು ನಂದೇ ಸಾಮಿ. ಬೇಡ ಅನ್ನಬೇಕಿತ್ತು.”

“ಹೌದಮ್ಮ, ತಿಳೀಲಿಲ್ಲ” ಎಂದೆ.

ಮುಂದಿನ ಸಭೆಯಲ್ಲಿ ಅವರು ವಿರೋಧಿಸಿದ್ದರೆಂದು ತಿದ್ದಿ ಬರೆದೆ. ಅಷ್ಟರಲ್ಲಿ ಬೋರಿಗೆ ಪಂಪೂ ಕೂತಿದ್ದರಿಂದ ಪ್ರಧಾನರು ತಲೆ ಕೆಡಿಸಿಕೊಳ್ಳಲಿಲ್ಲ. ಗಂಗುಲಮ್ಮ ನಕಲು ಪಡೆದು ಕಾಲನಿಯಲ್ಲಿ ಓದಿಸಿದರು. ಅನಸೂಯಮ್ಮ ಮತ್ತೆ ಮಾತಾಡಿಸಿದಳು. ಸೆಕ್ರೆಟ್ರಿಗೆ ಪಾಪ ತೆಲುಗು ಬರಲ್ಲ ಎಂದು ಗಂಗುಲಮ್ಮನವರೇ ನನ್ನ ಪರವಾಗಿ ಎಲ್ಲರಿಗೂ ಹೇಳಿದರಂತೆ.

ಅಲ್ಲಿಂದಾಚೆ ಪ್ರತಿ ಸಭೆಯಲ್ಲೂ ನನ್ನ ಕಡೆ ತಿರುಗಿ, “ಬೇಡ. ಬೇ...ಡ. ಬರ್ಕೊಂಡ್ರಾ ಸಾಮಿ?” ಎನ್ನುವರು. ಸಭೆಯೆಲ್ಲ ನಗುತ್ತಿತ್ತು. ನಾನೂ ನಗುತ್ತಿದ್ದೆ.

ತೊಂಬತ್ತೊಂದರಲ್ಲಿ ಗೌರಿಬಿದನೂರಿಗೆ ವರ್ಗವಾಯಿತು. ಗಂಗುಲಮ್ಮ ಒಂದು ಚೀಲ ಅವರೆಕಾಯಿ ಹಿಡಿದು ಬಸ್ ಸ್ಟ್ಯಾಂಡಿಗೆ ಬಂದರು. ನನಗೆ ತಿಳಿಯಲಿ ಎಂದು ಒಂದೊಂದೇ ಮಾತನ್ನು ಬಿಡಿಸಿ, ಕನ್ನಡದಲ್ಲಿ ಹೇಳಿದರು: “ಆ ಕಡೆಯೂ ತೆಲುಗೋರು ಜಾಸ್ತಿ ಸಾಮಿ. ಸ್ವಲ್ಪ ಕಲ್ತುಕೊಳ್ಳಿ. ನಮ್ಮಂಥೋರಿಗೆ ಅನುಕೂಲ ಆಗ್ತದೆ.”

ಚಿಂತಾಮಣಿಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಅಕ್ಕಯ್ಯಮ್ಮನವರಿಗೆ ಕನ್ನಡ ಬರುತ್ತಿರಲಿಲ್ಲ. ಬಂದ ವರ್ಷದಿಂದಲೇ ಅವರ ಜೊತೆ ತೆಲುಗಿನಲ್ಲೇ ಮಾತಾಡುತ್ತಿದ್ದೆ, ಜಗಳವನ್ನೂ ತೆಲುಗಿನಲ್ಲೇ ಆಡುತ್ತಿದ್ದೆ. ಅವತ್ತು ಸಭೆಯಲ್ಲಿ ಗಂಗುಲಮ್ಮ ಅಂದದ್ದು ನನಗೆ ಚೆನ್ನಾಗಿ ಅರ್ಥವಾಗಿತ್ತು.

“ಕಲೀತೀನಮ್ಮ” ಎಂದೆ, ಕನ್ನಡದಲ್ಲಿ. ಅವರೆಕಾಯಿ ಚೀಲ ಇಸಿದುಕೊಂಡು ಬಸ್ಸು ಹತ್ತಿದೆ.